ಬ್ರೌನ್ ಏಲ್: ರುಚಿ, ಪರೀಕ್ಷೆ, ತೀರ್ಪು

ಬ್ರೌನ್ ಏಲ್ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಕ್ರಾಫ್ಟ್ ಬ್ರೂವರಿಗಳಲ್ಲಿ ಎರಡನೆಯ ಬದುಕು ಕಂಡ ಕಂದು ಬಣ್ಣದ ಬಿಯರ್. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಗೆ, ಅಂದರೆ ಮಾಲ್ಟಿಗೆ, ಹೆಚ್ಚು ಹುರಿದ ಮಾಲ್ಟನ್ನು ಸ್ವಲ್ಪ ಬೆರೆಸಿ, ಸಾಧಾರಣ ಬೆಚ್ಚನೆಯಲ್ಲಿ ಕೆಲಸ ಮಾಡುವ ಏಲ್ ಯೀಸ್ಟ್‌ನಿಂದ ಹುದುಗು ಬರಿಸಿ ಇದನ್ನು ತಯಾರಿಸುತ್ತಾರೆ. ಬಣ್ಣ ತಾಮ್ರಗೆಂಪಿನಿಂದ ಗಾಢ ಕಂದಿನವರೆಗೆ ಇರುತ್ತದೆ. ಟಾಫಿ, ಬಿಸ್ಕತ್ತು, ಬ್ರೆಡ್ಡಿನ ಅಂಚು, ಹುರಿದ ಬೀಜ, ಒಂದಿಷ್ಟು ಚಾಕೊಲೇಟ್ ಇದರ ಮುಖ್ಯ ರುಚಿಗಳು. ಬಿಯರಿಗೆ ಕಹಿಯನ್ನೂ ಕಂಪನ್ನೂ ಕೊಡುವ ಹಾಪ್ಸ್ ಹೂವಿನ ಕಹಿ ಸಿಹಿಯನ್ನು ಹಿಡಿತದಲ್ಲಿಡುವಷ್ಟು ಮಾತ್ರ. ಯಾವ ರುಚಿಯೂ ಮೇಲೆದ್ದು ಕೂಗಬಾರದು ಎಂಬುದು ಈ ಬಿಯರಿನ ಧರ್ಮ. ಅದನ್ನು ತೂಗಿ ನೋಡುವುದು ಕಷ್ಟವಾಗಿರುವುದಕ್ಕೂ ಇದೇ ಕಾರಣ.

ಬೆಲ್ಜಿಯಂನ ಔಡೆನಾರ್ಡೆ ಪಟ್ಟಣದ ಸುತ್ತ ತಯಾರಾಗುವ ಹುಳಿ ಕಂದು ಬಿಯರು, ಅಂದರೆ ಔಡ್ ಬ್ರೂಯ್ನ್, ಬಣ್ಣದಲ್ಲಿ ಇದನ್ನು ಹೋಲುತ್ತದೆಯಾದರೂ ಬೇರೆಯೇ ವಂಶದ್ದು. ಅದು ಈ ಲೇಖನದ ವ್ಯಾಪ್ತಿಗೆ ಸೇರುವುದಿಲ್ಲ.

ಹಿನ್ನೆಲೆ

ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಕಂದು ಬಿಯರು ಜನಸಾಮಾನ್ಯರ ನಿತ್ಯದ ಪಾನೀಯವಾಗಿತ್ತು. ಆಗಿನ ಕಂದು ಮಾಲ್ಟನ್ನು ಸೌದೆಯ ಬೆಂಕಿಯ ಮೇಲೆ ಒಣಗಿಸುತ್ತಿದ್ದರು. ಹೊಗೆ ತಾಗಿದ ಆ ಮಾಲ್ಟೇ ಬಿಯರಿನ ಬಣ್ಣಕ್ಕೂ ರುಚಿಗೂ ಮೂಲ. ಹದಿನೆಂಟನೆಯ ಶತಮಾನದ ಮೊದಲ ದಶಕಗಳಲ್ಲಿ ಇದೇ ಕಂದು ಬಿಯರಿನಿಂದ ಪೋರ್ಟರ್ ಎಂಬ ಗಾಢ ಬಿಯರು ಬೆಳೆದು ನಗರವನ್ನೆಲ್ಲ ಆವರಿಸಿತು. ಆಮೇಲೆ ಬ್ರೂವರಿಗಳಿಗೆ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಂತು. ಕಂದು ಮಾಲ್ಟಿಗಿಂತ ಬಿಳಿ ಮಾಲ್ಟಿನಿಂದ ಹೆಚ್ಚು ಸಕ್ಕರೆ ದಕ್ಕುತ್ತದೆ ಎಂಬುದು ಆ ಉಪಕರಣದಿಂದ ಅಳತೆಗೆ ಸಿಕ್ಕಿತು. ಬ್ರೂವರಿಗಳು ಬಿಳಿ ಮಾಲ್ಟಿನತ್ತ ಹೊರಳಿದವು, ಆದರೆ ಗಿರಾಕಿಗಳು ಬಿಯರು ಕಪ್ಪಗೇ ಇರಲಿ ಎನ್ನುತ್ತಿದ್ದರು. ಸುಟ್ಟ ಸಕ್ಕರೆಯಿಂದ ಬಣ್ಣ ಕಟ್ಟುವುದನ್ನು 1816ರಲ್ಲಿ ಕಾನೂನು ತಡೆಯಿತು. ಮರುವರ್ಷ, 1817ರಲ್ಲಿ, ಡೇನಿಯಲ್ ವೀಲರ್ ಉರುಳೆಯಾಕಾರದ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರಿಂದ ಬಂದ ಕಪ್ಪು ಮಾಲ್ಟು ಒಂದು ಹಿಡಿ ಬಿದ್ದರೂ ಸಾಕು, ಇಡೀ ಕೊಪ್ಪರಿಗೆಯ ಬಣ್ಣ ತಿರುಗುತ್ತಿತ್ತು. ಬಣ್ಣ ಒಂದು ಮಾಲ್ಟಿನದು, ಸತ್ವ ಇನ್ನೊಂದು ಮಾಲ್ಟಿನದು ಎಂಬ ಈಗಿನ ಪದ್ಧತಿ ಅಲ್ಲಿಂದ ಬಂದದ್ದು.

ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ಮರೆಗೆ ಸರಿದಿದ್ದ ಬ್ರೌನ್ ಏಲ್ ಅದರ ಕೊನೆಯ ಹೊತ್ತಿಗೆ ಬಾಟಲಿ ಬಿಯರಾಗಿ ಮರಳಿತು. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿದ್ದ ಮ್ಯಾನ್, ಕ್ರಾಸ್‌ಮನ್ ಅಂಡ್ ಪಾಲಿನ್ ಕಂಪನಿಯ ಆಲ್ಬಿಯನ್ ಬ್ರೂವರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾನ್ಸ್ ಬ್ರೌನ್ ಏಲ್ ಹೊರತಂದಿತು. ಅದರಲ್ಲಿ ಮದ್ಯಾಂಶ ಈಗ ಶೇ. 2.8 ಮಾತ್ರ. ಸಿಹಿ ಹೆಚ್ಚು, ಕಹಿ ಇಲ್ಲವೆನ್ನುವಷ್ಟು ಕಡಿಮೆ, ಬಣ್ಣ ಬಹಳ ಗಾಢ. ಪಬ್ಬಿನ ಪೀಪಾಯಿಯಲ್ಲಿ ಸಪ್ಪೆಯಾದ ಮೈಲ್ಡ್ ಎಂಬ ಹಗುರ ಬಿಯರಿಗೆ ಒಂದು ಬಾಟಲಿ ಬ್ರೌನ್ ಏಲ್ ಸುರಿದು ಜೀವ ತುಂಬಿ ಕುಡಿಯುವ ರೂಢಿಯೂ ಇತ್ತು. ಆಲ್ಬಿಯನ್ ಬ್ರೂವರಿ 1979ರಲ್ಲಿ ಮುಚ್ಚಿತು. ಬಿಯರು ಬೇರೆ ಕೈಗಳಿಗೆ ದಾಟಿ ಉಳಿದುಕೊಂಡಿತು.

ಉತ್ತರ ಇಂಗ್ಲೆಂಡಿನ ಕತೆ ಬೇರೆ. ಸಂಡರ್‌ಲ್ಯಾಂಡ್ ಊರಿನ ವೋ ಬ್ರೂವರಿ 1901ರಲ್ಲಿ ಮ್ಯಾಕ್ಸಿಮ್ ಏಲ್ ತಯಾರಿಸಿತು. ಬೋಯರ್ ಯುದ್ಧದಲ್ಲಿ ಮ್ಯಾಕ್ಸಿಮ್ ಬಂದೂಕಿನ ಪಡೆ ನಡೆಸಿ ಮನೆಗೆ ಮರಳಿದ ಅರ್ನೆಸ್ಟ್ ವೋ ಗೌರವಾರ್ಥ ಇಟ್ಟ ಹೆಸರದು. ಮುಂದೆ ಅದೇ ಡಬಲ್ ಮ್ಯಾಕ್ಸಿಮ್ ಆಯಿತು. 1927ರಲ್ಲಿ ನ್ಯೂಕ್ಯಾಸಲ್ ಬ್ರೂವರೀಸ್‌ನ ಜಿಮ್ ಪೋರ್ಟರ್ ಹಲವು ವರ್ಷಗಳ ಪ್ರಯೋಗದ ಫಲವಾಗಿ ನ್ಯೂಕ್ಯಾಸಲ್ ಬ್ರೌನ್ ಏಲ್ ಅನ್ನು ಮಾರುಕಟ್ಟೆಗಿಟ್ಟ. ಒಂದು ಗಡಸು ಬಿಯರನ್ನೂ ಒಂದು ತೆಳು ಬಿಯರನ್ನೂ ಬೆರೆಸಿ ಮಾಡುತ್ತಿದ್ದ ಅದರ ಮದ್ಯಾಂಶ ಈಗ ಶೇ. 4.7. 1928ರಲ್ಲಿ ಲಂಡನ್ನಿನ ಬ್ರೂವರ್‌ಗಳ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಲೇಬಲ್ಲಿನ ನೀಲಿ ನಕ್ಷತ್ರದ ಐದು ತುದಿಗಳು ಒಂದಾಗಿ ಸೇರಿದ ಐದು ಬ್ರೂವರಿಗಳ ಗುರುತು. ದಕ್ಷಿಣದ ಬ್ರೌನ್ ಏಲಿಗಿಂತ ಇದು ತೆಳುಬಣ್ಣದ್ದು, ಒಣಗಿದ ಮುಕ್ತಾಯದ್ದು, ಬಲದಲ್ಲಿ ಹೆಚ್ಚು. ನ್ಯೂಕ್ಯಾಸಲ್ ಜನ ಬಾಟಲಿಯನ್ನು ಪಕ್ಕದಲ್ಲಿಟ್ಟುಕೊಂಡು ಸಣ್ಣ ಲೋಟಕ್ಕೆ ಆಗಾಗ ಬಗ್ಗಿಸಿಕೊಳ್ಳುತ್ತ ಕುಡಿಯುತ್ತಾರೆ. ಲೋಟದಲ್ಲಿರುವುದು ಹಳಸುವ ಮೊದಲೇ ಹೊಸ ನೊರೆ ಬೀಳುವುದರಿಂದ ಈ ಅಭ್ಯಾಸದಲ್ಲಿ ರುಚಿಯ ವಿವೇಕವೂ ಇದೆ.

ಈ ಬಿಯರಿಗೆ 2000ದಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಸೂಚಿಕೆಯ ರಕ್ಷಣೆ ಸಿಕ್ಕಿತು. ನ್ಯೂಕ್ಯಾಸಲ್ ನಗರದಲ್ಲಿ ತಯಾರಾದದ್ದಕ್ಕೆ ಮಾತ್ರ ಆ ಹೆಸರು ಎಂಬುದು ಷರತ್ತು. 2005ರಲ್ಲಿ ತಯಾರಿಕೆ ಟೈನ್ ನದಿ ದಾಟಿ ಗೇಟ್ಸ್‌ಹೆಡ್‌ಗೆ ಹೋಯಿತು. ತಾನೇ ಕೇಳಿ ಪಡೆದ ರಕ್ಷಣೆ ಕಂಪನಿಗೇ ಅಡ್ಡಿಯಾಯಿತು. ಅದು ಮನವಿ ಮಾಡಿಕೊಂಡು 2007ರಲ್ಲಿ ಸೂಚಿಕೆಯನ್ನು ರದ್ದು ಮಾಡಿಸಿಕೊಂಡಿತು. ಮೈಸೂರು ಮಲ್ಲಿಗೆ, ಕೊಡಗಿನ ಕಿತ್ತಳೆಗಳಿಗೆ ಇದೇ ಬಗೆಯ ಸೂಚಿಕೆ ಇರುವ ನಾಡಿನ ಓದುಗರಿಗೆ ಈ ಪ್ರಸಂಗ ಯೋಚಿಸತಕ್ಕದ್ದು. 2010ರಲ್ಲಿ ತಯಾರಿಕೆ ಯಾರ್ಕ್‌ಶೈರಿನ ಟ್ಯಾಡ್‌ಕ್ಯಾಸ್ಟರ್‌ಗೆ ಸಾಗಿತು. 1758ರಿಂದ ನಡೆಯುತ್ತಿರುವ ಸ್ಯಾಮುಯೆಲ್ ಸ್ಮಿತ್ ಬ್ರೂವರಿ ಇರುವುದೂ ಇದೇ ಟ್ಯಾಡ್‌ಕ್ಯಾಸ್ಟರ್‌ನಲ್ಲಿ. ಅದರ ನಟ್ ಬ್ರೌನ್ ಏಲ್‌ನಲ್ಲಿ ಬೀಜ ಯಾವುದೂ ಇಲ್ಲ. ಬೀಜದ ರುಚಿಯೆಲ್ಲ ಹುರಿದ ಮಾಲ್ಟಿನದೇ.

ಅಮೆರಿಕದ ಕವಲು

ಅಮೆರಿಕದಲ್ಲಿ ಮನೆಯಲ್ಲೇ ಬಿಯರು ತಯಾರಿಸುವುದಕ್ಕಿದ್ದ ಒಕ್ಕೂಟ ಮಟ್ಟದ ಅಡ್ಡಿಯನ್ನು ತೆಗೆಯುವ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಸ್ಯಾಮುಯೆಲ್ ಸ್ಮಿತ್ ಬಿಯರುಗಳು ಆಮದಾಗತೊಡಗಿದ್ದೂ ಅದೇ ಕಾಲದಲ್ಲಿ. ಇಂಗ್ಲಿಷ್ ಬಿಯರು ಕುಡಿದು ಉತ್ಸಾಹ ಬಂದ ಹವ್ಯಾಸಿಗಳು ಅದನ್ನು ತಮ್ಮ ನೆಲದ ಹಾಪ್ಸ್ ಹಾಕಿ ಮಾಡಿದರು. 1972ರಲ್ಲಿ ಬಿಡುಗಡೆಯಾಗಿದ್ದ ಕ್ಯಾಸ್ಕೇಡ್ ತಳಿಯ ಕಿತ್ತಳೆ, ಚಕ್ಕೋತದಂಥ ಕಂಪು ಕಂದು ಬಿಯರಿಗೆ ಸೇರಿತು. ಸ್ಪರ್ಧೆಗಳಲ್ಲಿ ಇದರಿಂದ ತೊಡಕಾಯಿತು. ಇಂಗ್ಲಿಷ್ ಮಾದರಿಗೆ ಹೊಂದುವುದಿಲ್ಲವೆಂದು ಒಳ್ಳೆಯ ಬಿಯರುಗಳೂ ಹಿಂದೆ ಬೀಳುತ್ತಿದ್ದವು. ಹ್ಯೂಸ್ಟನ್ನಿನ ಡಿಕ್ಸಿ ಕಪ್ ಸ್ಪರ್ಧೆ ಇವಕ್ಕೆ ಬೇರೆ ವರ್ಗ ಮಾಡಿಕೊಟ್ಟಿತು, ಮುಂದೆ ಟೆಕ್ಸಾಸ್ ಬ್ರೌನ್ ಏಲ್ ಎಂಬ ಹೆಸರು ಬಳಕೆಗೆ ಬಂತು. ಅಮೆರಿಕನ್ ಬ್ರೌನ್ ಏಲ್ ಎಂಬ ಇಂದಿನ ಪ್ರಕಾರದ ಬೇರು ಅಲ್ಲಿದೆ. ಒಂದು ರುಚಿಗೆ ಹೆಸರು ಸಿಕ್ಕಿದ್ದು ತೀರ್ಪುಗಾರರ ಮೇಜಿನ ಮೇಲೆ ಎಂಬುದು ಗಮನಾರ್ಹ.

1986ರಲ್ಲಿ ಪೀಟ್ ಸ್ಲಾಸ್‌ಬರ್ಗ್ ಕ್ಯಾಲಿಫೋರ್ನಿಯದಲ್ಲಿ ಆರಂಭಿಸಿದ ಪೀಟ್ಸ್ ವಿಕೆಡ್ ಏಲ್ ಈ ಪ್ರಕಾರವನ್ನು ದೇಶದಗಲಕ್ಕೂ ಒಯ್ದಿತು. ಅದರ ತಯಾರಿಕೆ 2011ರಲ್ಲಿ ನಿಂತಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೌನ್ ಏಲ್, ಮೊಂಟಾನಾದ ಮೂಸ್ ಡ್ರೂಲ್, ಮಿಷಿಗನ್‌ನ ಬೆಲ್ಸ್ ಬೆಸ್ಟ್ ಬ್ರೌನ್, ಫ್ಲಾರಿಡಾದ ಓಟ್ಸ್ ಬೆರೆತ ಮದುರೋ ಇವೆಲ್ಲ ಹೆಸರಾದವು. ಓರೆಗಾನಿನ ರೋಗ್ ಬ್ರೂವರಿ ಹೇಜಲ್‌ನಟ್ ಸತ್ವವನ್ನೇ ಸೇರಿಸಿ ಒಂದು ಬ್ರೌನ್ ಏಲ್ ಮಾಡಿತು. ಡೆಲವೇರಿನ ಡಾಗ್‌ಫಿಶ್ ಹೆಡ್ ಬ್ರೂವರಿ ಪರಾಗ್ವೆಯ ಪಾಲೊ ಸಾಂತೊ ಮರದ ತೊಟ್ಟಿಯಲ್ಲಿ ಬಲಿಸಿದ, ಶೇ. 12ರ ಕಂದು ಬಿಯರನ್ನು ಹೊರತಂದಿತು. ಅದು ಹೆಸರಿಗೆ ಬ್ರೌನ್ ಏಲ್, ರುಚಿಯಲ್ಲಿ ತನ್ನದೇ ಒಂದು ಜಾತಿ.

ರುಚಿ ಬರುವ ಬಗೆ

ಬ್ರೌನ್ ಏಲಿನ ಬಹುಪಾಲು ಬಿಳಿ ಮಾಲ್ಟು. ಇಂಗ್ಲೆಂಡಿನಲ್ಲಿ ಮಾರಿಸ್ ಆಟರ್ ಎಂಬ ಬಾರ್ಲಿ ತಳಿಗೆ ಬೆಲೆ ಹೆಚ್ಚು. ಅದರ ಬಿಸ್ಕತ್ತಿನಂಥ ರುಚಿ ಬಿಯರಿಗೆ ತಳಹದಿ ಹಾಕುತ್ತದೆ. ಎರಡನೆಯದು ಕ್ರಿಸ್ಟಲ್ ಮಾಲ್ಟು. ಹಸಿ ಮಾಲ್ಟನ್ನು ಒದ್ದೆಯಿರುವಾಗಲೇ ಬೇಯಿಸಿ, ಕಾಳಿನೊಳಗೇ ಸಕ್ಕರೆ ಕಟ್ಟಿಸಿ, ಆಮೇಲೆ ಹುರಿದದ್ದು. ಟಾಫಿ, ಒಣದ್ರಾಕ್ಷಿಯ ರುಚಿಗಳು ಇದರವು. ಮೂರನೆಯದು ಚಾಕೊಲೇಟ್ ಮಾಲ್ಟು. ಚಾಕೊಲೇಟಿನ ಬಣ್ಣ ಬರುವ ತನಕ, 200 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಹುರಿದ ಕಾಳು. ಒಟ್ಟು ಧಾನ್ಯದಲ್ಲಿ ನೂರಕ್ಕೆ ಮೂರೋ ನಾಲ್ಕೋ ಪಾಲು ಹಾಕಿದರೆ ಸಾಕು. ಮಿತಿ ಮೀರಿದರೆ ಬೂದಿಯ ಕಹಿ ಬರುತ್ತದೆ. ಅಮೈನೋ ಆಮ್ಲಗಳೂ ಸಕ್ಕರೆಗಳೂ ಕಾವಿನಲ್ಲಿ ಕೂಡಿ ಕಂದಾಗುವ ಈ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮೀಯ್ ಮಯ್ಯಾರ್ ವಿವರಿಸಿದ. ಕಾವಲಿಯ ಮೇಲೆ ದೋಸೆ ಕೆಂಪಗಾಗುವಾಗ ಏಳುವ ಘಮಕ್ಕೂ ಇದೇ ಕ್ರಿಯೆ ಕಾರಣ.

ನೀರಿನ ಪಾತ್ರವೂ ದೊಡ್ಡದು. ಲಂಡನ್ನಿನ ಬಾವಿ ನೀರಿನಲ್ಲಿ ಕಾರ್ಬೊನೇಟ್ ಹೆಚ್ಚು. ಹುರಿದ ಮಾಲ್ಟಿನ ಆಮ್ಲೀಯ ಗುಣ ಆ ಕ್ಷಾರವನ್ನು ಸರಿತೂಗಿಸುವುದರಿಂದ ಕಂದು, ಕಪ್ಪು ಬಿಯರುಗಳು ಅಲ್ಲಿ ಚೆನ್ನಾಗಿ ಒದಗಿದವು. ಇಂಗ್ಲಿಷ್ ಮಾದರಿಗೆ ಹಾಪ್ಸ್ ಸಾಮಾನ್ಯವಾಗಿ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಅಥವಾ ಫಗಲ್: ಮಣ್ಣಿನ, ಸೊಪ್ಪಿನ, ಹೂವಿನ ತೆಳುಗಂಪು. ಯೀಸ್ಟ್ ತನ್ನ ಪಾಲಿಗೆ ಸೇಬು, ಪೇರು ಹಣ್ಣುಗಳ ಛಾಯೆ ಕೊಡುತ್ತದೆ. ಇವೆಲ್ಲ ಒಂದರೊಳಗೊಂದು ಕರಗಿರಬೇಕು.

ತೀರ್ಪಿನ ಚೌಕಟ್ಟು

ಹವ್ಯಾಸಿ ಬಿಯರ್ ಸ್ಪರ್ಧೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ಬಿಜೆಸಿಪಿ ಎಂಬ ತೀರ್ಪುಗಾರರ ಪ್ರಮಾಣೀಕರಣ ಸಂಸ್ಥೆಯ ಕೈಪಿಡಿ. 2008ರ ಆವೃತ್ತಿಯಲ್ಲಿ ಇಂಗ್ಲಿಷ್ ಬ್ರೌನ್ ಏಲಿಗೆ ದಕ್ಷಿಣದ್ದು, ಉತ್ತರದ್ದು ಎಂಬ ಎರಡು ವಿಭಾಗಗಳಿದ್ದವು. 2015ರಲ್ಲಿ ಉತ್ತರದ ಮಾದರಿಯನ್ನೇ ವಿಸ್ತರಿಸಿ ಬ್ರಿಟಿಷ್ ಬ್ರೌನ್ ಏಲ್ ಎಂದು ಕರೆದು, ದಕ್ಷಿಣದ್ದನ್ನು ಲಂಡನ್ ಬ್ರೌನ್ ಏಲ್ ಎಂಬ ಹೆಸರಿನಲ್ಲಿ ಐತಿಹಾಸಿಕ ಬಿಯರುಗಳ ಸಾಲಿಗೆ ಸೇರಿಸಿದರು. ಮಾನ್ಸ್ ಅಂಥ ಬಿಯರುಗಳು ತೀರ ವಿರಳವಾದುದರಿಂದ ಈ ಬದಲಾವಣೆ ಅರ್ಥವಾಗುವಂಥದ್ದೇ. ಆದರೆ ಇನ್ನೂ ಅಂಗಡಿಯಲ್ಲಿ ಸಿಗುವ ಬಿಯರೊಂದನ್ನು ಇತಿಹಾಸಕ್ಕೆ ಸೇರಿಸಿದ್ದು ಅವಸರದ ಕೆಲಸವೆಂದೇ ಈ ಲೇಖಕನ ಅಭಿಪ್ರಾಯ.

ಕೈಪಿಡಿಯ ಪ್ರಕಾರ ಬ್ರಿಟಿಷ್ ಬ್ರೌನ್ ಏಲಿನ ಕಹಿ 20ರಿಂದ 30 ಐಬಿಯು, ಬಣ್ಣ 12ರಿಂದ 22 ಎಸ್ಆರ್‌ಎಂ. ಅಮೆರಿಕನ್ ಮಾದರಿಯ ಕಹಿಯೂ ಅಷ್ಟೇ, ಬಣ್ಣ ಮಾತ್ರ 18ರಿಂದ 35ರವರೆಗೆ. ಲಂಡನ್ ಮಾದರಿಯಲ್ಲಿ ಕಹಿ 15ರಿಂದ 20, ಮದ್ಯಾಂಶ ಶೇ. 2.8ರಿಂದ 3.6. ಐಬಿಯು ಎಂದರೆ ಒಂದು ಲೀಟರಿನಲ್ಲಿರುವ ಹಾಪ್ಸ್ ಕಹಿ ಆಮ್ಲಗಳ ಮಿಲಿಗ್ರಾಂ ಲೆಕ್ಕ. ಎಸ್ಆರ್‌ಎಂ ಎಂದರೆ 430 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಬಿಯರು ಎಷ್ಟು ಹೀರುತ್ತದೆ ಎಂಬುದರಿಂದ ತೆಗೆದ ಬಣ್ಣದ ಅಳತೆ. ಈ ಅಂಕಿಗಳನ್ನು ತೀರ್ಪುಗಾರರು ಅಳೆಯುವುದಿಲ್ಲ. ಅವು ತಯಾರಕರಿಗೆ ದಾರಿ ತೋರಿಸಲಿಕ್ಕೆ. ಮೇಜಿನ ಮುಂದೆ ಕುಳಿತವರಿಗೆ ಕಣ್ಣು, ಮೂಗು, ನಾಲಿಗೆಗಳೇ ಸಾಧನ.

ಒಟ್ಟು ಅಂಕ 50. ಕಂಪಿಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ತುಂಬುವ ಹದಕ್ಕೆ 5, ಒಟ್ಟು ಪರಿಣಾಮಕ್ಕೆ 10. 45 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಸಾಧಾರಣ, 38ರಿಂದ 44 ಉತ್ತಮೋತ್ತಮ, 30ರಿಂದ 37 ಬಹಳ ಚೆನ್ನು. ಕೆಟ್ಟು ಹೋದ ಬಿಯರಿಗೂ ಸೌಜನ್ಯಕ್ಕಾಗಿ 13 ಅಂಕ ಕೊಡುವ ವಾಡಿಕೆ ಇದೆ. ಲೋಟಗಳಿಗೆ ಸಂಖ್ಯೆ ಮಾತ್ರ ಇರುತ್ತದೆ, ತಯಾರಕರ ಹೆಸರಿರುವುದಿಲ್ಲ. ತೀರ್ಪುಗಾರರು ಬರೆದು ಮುಗಿಸುವವರೆಗೆ ಮಾತಾಡಬಾರದು. ಆಮೇಲೆ ಅಂಕಗಳನ್ನು ಹೋಲಿಸಿ, ಅಂತರ ಹೆಚ್ಚಿದ್ದರೆ ಚರ್ಚಿಸಿ ಹತ್ತಿರಕ್ಕೆ ತರಬೇಕು. 1982ರಿಂದ ನಡೆಯುತ್ತಿರುವ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ನಂಥ ವೃತ್ತಿಪರ ಸ್ಪರ್ಧೆಯಲ್ಲಿ ಈ ಅಂಕಪದ್ಧತಿ ಇಲ್ಲ. ಅಲ್ಲಿ ತೀರ್ಪುಗಾರರ ತಂಡ ಸಮಾಲೋಚಿಸಿ ಪದಕಗಳನ್ನು ನಿರ್ಧರಿಸುತ್ತದೆ.

ಲೋಟದ ಮುಂದೆ

ಬ್ರೌನ್ ಏಲ್ ಅನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿಯಬಾರದು. 10ರಿಂದ 13 ಡಿಗ್ರಿ ಅದಕ್ಕೆ ಹದ. ತೀರ ತಂಪಾದರೆ ಮಾಲ್ಟಿನ ಕಂಪು ಮೇಲೇಳುವುದಿಲ್ಲ, ಕಹಿಯೊಂದೇ ಎದ್ದು ನಿಲ್ಲುತ್ತದೆ. ತೊಳೆದ ಲೋಟದಲ್ಲಿ ಸೋಪಿನ ಜಿಡ್ಡು ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ. ಪರೀಕ್ಷೆಗೆ ಕೂರುವವರು ಸುಗಂಧ ಹಚ್ಚಿರಬಾರದು, ಖಾರ ತಿಂದಿರಬಾರದು. ನಡುನಡುವೆ ನೀರು, ಉಪ್ಪಿಲ್ಲದ ಬ್ರೆಡ್ಡಿನ ತುಂಡು ಇದ್ದರಾಯಿತು.

ಬಗ್ಗಿಸಿದ ತಕ್ಷಣ ಮೊದಲು ಮೂಗು, ಆಮೇಲೆ ಕಣ್ಣು. ಕೆಲವು ಆವಿಗಳು ಕ್ಷಣಗಳಲ್ಲಿ ಹಾರಿಹೋಗುವುದರಿಂದ ಈ ಕ್ರಮ. ಚುಟುಕಾಗಿ ಎರಡು ಮೂರು ಸಲ ಮೂಸಬೇಕು. ದೀರ್ಘವಾಗಿ ಎಳೆದರೆ ಮೂಗು ಬೇಗ ಸೋಲುತ್ತದೆ. ಟಾಫಿಯೇ, ಸುಟ್ಟ ಸಕ್ಕರೆಯೇ, ಬೀಜವೇ, ಬ್ರೆಡ್ಡೇ ಎಂದು ಬಿಡಿಸಿ ಬರೆಯಬೇಕು. "ಮಾಲ್ಟಿನ ವಾಸನೆ ಇದೆ" ಎಂದಷ್ಟೇ ಬರೆದ ಹಾಳೆಯಿಂದ ತಯಾರಕನಿಗೆ ಉಪಯೋಗವಿಲ್ಲ. ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಕೆಂಪು ಹೊಳಪು ಕಾಣಬೇಕು, ತಿಳಿಯಾಗಿರಬೇಕು. ಬೆಳಕು ತೂರದಷ್ಟು ಕಪ್ಪಾಗಿದ್ದರೆ ಪೋರ್ಟರಿನ ಹೊಸ್ತಿಲಿಗೆ ಬಂದಿದೆ ಎಂದರ್ಥ. ಆದರೂ ಬಣ್ಣಕ್ಕೆ ಮರುಳಾಗಬಾರದು. ಒಂದೇ ಬಣ್ಣದ ಎರಡು ಬಿಯರುಗಳಲ್ಲಿ ಒಂದು ಕ್ಯಾರಮೆಲ್ಲಿನದು, ಇನ್ನೊಂದು ಸುಟ್ಟ ಕಾಫಿಯದು ಆಗಿರಬಹುದು.

ರುಚಿ ನೋಡುವಾಗ ನುಂಗಲೇಬೇಕು. ವೈನಿನವರಂತೆ ಉಗುಳಿದರೆ ಬಿಯರಿನ ಕಹಿ ಪೂರ್ತಿ ತಿಳಿಯುವುದಿಲ್ಲ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟರೆ ಗಂಟಲಿನ ಹಿಂದಿನಿಂದ ಏರುವ ಕಂಪಿನಲ್ಲಿ ಬೀಜದ ರುಚಿ ಸ್ಪಷ್ಟವಾಗುತ್ತದೆ. ಮೊದಲು ಸಿಹಿ, ನಡುವೆ ಹುರಿದ ಮಾಲ್ಟು, ಕೊನೆಗೆ ಸಿಹಿಯನ್ನು ಒರೆಸಿಕೊಂಡು ಹೋಗುವ ತೆಳು ಕಹಿ. ಬ್ರಿಟಿಷ್ ಮಾದರಿಯಲ್ಲಿ ಈ ಕೊನೆ ಒಣಗಿರಬೇಕು. ಲಂಡನ್ ಮಾದರಿಯಲ್ಲಿ ಸಿಹಿ ನಾಲಿಗೆಯ ಮೇಲೆ ನಿಂತರೂ ತಪ್ಪಲ್ಲ. ಅಮೆರಿಕನ್ ಮಾದರಿಯಲ್ಲಿ ಚಾಕೊಲೇಟೂ ಹಾಪ್ಸೂ ಒಂದು ಮೆಟ್ಟಿಲು ಮೇಲಿರಬಹುದು, ಆದರೆ ಹಾಪ್ಸ್ ಗೆದ್ದುಬಿಟ್ಟರೆ ಅದು ಬೇರೆಯೇ ಬಿಯರಾಗುತ್ತದೆ. ಅನಿಲ ಹೆಚ್ಚಾದರೆ ನಾಲಿಗೆ ಚುರುಗುಟ್ಟಿ ಮಾಲ್ಟು ಮಸುಕಾಗುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡುವುದನ್ನು ತಪ್ಪಿಸಬಾರದು. ಬಿಯರು ಬೆಚ್ಚಗಾದಂತೆ ಗುಣವೂ ದೋಷವೂ ಹೊರಗೆ ಬರುತ್ತವೆ.

ದೋಷಗಳಲ್ಲಿ ಇಲ್ಲಿ ಮೋಸ ಮಾಡುವುದು ಡೈಅಸಿಟೈಲ್. ಯೀಸ್ಟ್ ತನ್ನ ಕೆಲಸವನ್ನು ಪೂರ್ತಿ ಮುಗಿಸದೆ ಬಿಟ್ಟಾಗ ಉಳಿಯುವ ಬೆಣ್ಣೆಯ ವಾಸನೆ ಇದರದು. ಬಿಳಿ ಲಾಗರ್‌ನಲ್ಲಿ ತಕ್ಷಣ ಸಿಕ್ಕಿಬೀಳುವ ಇದು ಬ್ರೌನ್ ಏಲ್‌ನಲ್ಲಿ ಟಾಫಿಯ ಜೊತೆ ಸೇರಿ ಗುಣವೇ ಎಂಬಂತೆ ತೋರುತ್ತದೆ. ನಾಲಿಗೆಯ ಮೇಲೆ ಎಣ್ಣೆ ಜಾರಿದಂಥ ನುಣುಪು ಉಳಿದರೆ ಅನುಮಾನಿಸಬೇಕು. ಟಾಫಿಗೆ ಆ ಜಾರಿಕೆ ಇಲ್ಲ. ಆಮ್ಲಜನಕ ತಾಗಿ ಹಳಸಿದ ಬಿಯರೂ ಹೀಗೆಯೇ. ಅದರ ಶೆರಿ ವೈನಿನಂಥ, ಜೇನಿನಂಥ ಛಾಯೆ ಕ್ರಿಸ್ಟಲ್ ಮಾಲ್ಟಿನ ಹಿಂದೆ ಅಡಗುತ್ತದೆ. ಒದ್ದೆ ರಟ್ಟಿನ ವಾಸನೆ ಬಂದಾಗಲೇ ಹಲವರಿಗೆ ಗೊತ್ತಾಗುವುದು. ಹಸಿರು ಸೇಬಿನ ವಾಸನೆ ಬಂದರೆ ಬಿಯರು ಎಳಸು. ಲವಂಗ, ಔಷಧ, ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಬೇರೆ ಯೀಸ್ಟ್ ಹೊಕ್ಕಿರಬೇಕು, ಇಲ್ಲವೆ ನೀರಿನ ಕ್ಲೋರಿನ್ ಉಳಿದಿರಬೇಕು. ಬೆಳಕು ತಾಗಿ ಕೆಟ್ಟ ಬಿಯರಿನದು ಇನ್ನೊಂದು ಕತೆ. ಹಾಪ್ಸ್‌ನ ಕಹಿ ಆಮ್ಲಗಳು ಬೆಳಕಿಗೆ ಒಡೆದು ಗಂಧಕದ ಸಂಯುಕ್ತವಾಗುತ್ತವೆ, ಮೂಗು ಅದನ್ನು ಅತಿ ಕಡಿಮೆ ಪ್ರಮಾಣದಲ್ಲೂ ಹಿಡಿಯುತ್ತದೆ. ಬಿಯರೇ ಕಂದಾಗಿರುವುದರಿಂದ ಅಪಾಯವಿಲ್ಲ ಎಂದು ನಂಬಬಾರದು. ನ್ಯೂಕ್ಯಾಸಲ್ ಬ್ರೌನ್, ಸ್ಯಾಮುಯೆಲ್ ಸ್ಮಿತ್ ಎರಡೂ ಪಾರದರ್ಶಕ ಬಾಟಲಿಗೆ ಹೆಸರಾದವು. ಅಂಗಡಿಯ ದೀಪದ ಕೆಳಗೆ ಬಹಳ ದಿನ ನಿಂತ ಬಾಟಲಿಯನ್ನು ಬಿಟ್ಟು, ರಟ್ಟಿನ ಪೆಟ್ಟಿಗೆಯೊಳಗಿನದನ್ನು ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು.

ಸಣ್ಣ ದನಿಗೆ ನ್ಯಾಯ

ಸ್ಪರ್ಧೆಯ ವಿಧಾನದಲ್ಲೇ ಬ್ರೌನ್ ಏಲಿಗೆ ಒಂದು ಅನ್ಯಾಯವಿದೆ. ತೀರ್ಪುಗಾರರ ಮುಂದೆ ಬರುವುದು ಕೆಲವೇ ಗುಟುಕು. ಆ ಗುಟುಕಿನಲ್ಲಿ ಗೆಲ್ಲುವುದು ಹೆಚ್ಚು ಹಾಪ್ಸಿನ ಐಪಿಎ, ಹೆಚ್ಚು ಹುರಿದ ಸ್ಟೌಟ್, ಹೆಚ್ಚು ಮದ್ಯಾಂಶದ ಬಾರ್ಲಿವೈನ್. ತನ್ನ ವರ್ಗದೊಳಗೆ ಬ್ರೌನ್ ಏಲಿಗೆ ಮೊದಲ ಸ್ಥಾನ ಸಿಕ್ಕರೂ, ಎಲ್ಲ ವರ್ಗಗಳ ವಿಜೇತರು ಸೇರುವ ಕೊನೆಯ ಸುತ್ತಿನಲ್ಲಿ ಅದು ಇವುಗಳ ಪಕ್ಕ ಸಪ್ಪೆಯಾಗಿ ಕಾಣುತ್ತದೆ. ಆ ಸುತ್ತಿನಲ್ಲಿ ಅಂಕಗಳೂ ಇಲ್ಲ, ಚರ್ಚೆ ಮತ್ತು ಒಂದೊಂದಾಗಿ ಕೈಬಿಡುವಿಕೆ ಮಾತ್ರ. ವರ್ಗದೊಳಗೂ ಇದೇ ಆಗುವುದುಂಟು: ಪೋರ್ಟರಿನಷ್ಟು ಹುರಿದ ಬ್ರೌನ್ ಏಲ್ ಬಂದರೆ ದಣಿದ ನಾಲಿಗೆಗೆ ಅದೇ ಹಿತ ಎನಿಸಿ ಅಂಕ ಏರುತ್ತದೆ, ಹದವಾಗಿ ಮಾಡಿದ್ದು ಹಿಂದುಳಿಯುತ್ತದೆ.

ಬ್ರೌನ್ ಏಲ್ ಅರ್ಧ ಲೀಟರಿನ ಬಿಯರು, ಗುಟುಕಿನದಲ್ಲ. ಪಬ್ಬಿನಲ್ಲಿ ಮಾತಿನ ನಡುವೆ, ಊಟದ ಜೊತೆ ಕುಡಿಯಲೆಂದು ಅದು ರೂಪುಗೊಂಡಿತು. ಮೊದಲ ಗುಟುಕಿಗೆ ಬೆರಗಾಗಿಸುವ ಟಾಫಿ ನಾಲ್ಕನೆಯದಕ್ಕೆ ಬಾಯಿಗೆ ಅಂಟತೊಡಗಿದರೆ ಆ ಬಿಯರು ಸೋತಂತೆ. ಆದ್ದರಿಂದ ಈ ವರ್ಗಕ್ಕೆ ಕೂರುವ ತೀರ್ಪುಗಾರರು ತಮ್ಮ ಪಾಲಿನದನ್ನು ಪೂರ್ತಿ ಕುಡಿದು ಅಂಕ ಹಾಕಬೇಕು, ಒಂದು ಸುತ್ತಿನಲ್ಲಿ ಕಡಿಮೆ ಮಾದರಿಗಳನ್ನು ತೆಗೆದುಕೊಳ್ಳಬೇಕು, ತೆಳುವಿನಿಂದ ಗಾಢಕ್ಕೆ ಸಾಗಬೇಕು. ಕೊನೆಯ ಹತ್ತು ಅಂಕಗಳು ಇರುವುದೇ "ಇನ್ನೊಂದು ಲೋಟ ಬೇಕೆನಿಸಿತೆ?" ಎಂಬ ಪ್ರಶ್ನೆಗೆ. ಬ್ರೌನ್ ಏಲಿನ ಮಟ್ಟಿಗೆ ಉಳಿದ ನಲವತ್ತರಷ್ಟೇ ತೂಕ ಆ ಹತ್ತಕ್ಕಿದೆ.

ಊಟದ ಜೊತೆ ಇದು ಸುಲಭವಾಗಿ ಹೊಂದುತ್ತದೆ. ಇಂಗ್ಲೆಂಡಿನಲ್ಲಿ ಬೆಂಕಿಯಲ್ಲಿ ಹುರಿದ ಮಾಂಸ, ಸಾಸೇಜು, ಬಲಿತ ಚೆಡ್ಡಾರ್ ಚೀಸ್ ಇದರ ಸಹವಾಸಿಗಳು. ಮಾಂಸದ ಮೇಲಿನ ಕಂದು ಪದರಕ್ಕೂ ಮಾಲ್ಟಿಗೂ ರುಚಿಯ ನಂಟಿದೆ.

ಬೆಂಗಳೂರಿನಲ್ಲಿ ಕಳೆದ ದಶಕದಿಂದೀಚೆಗೆ ಮೈಕ್ರೋಬ್ರೂವರಿಗಳು ಹೆಚ್ಚಿವೆ. ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನ ಆರ್ಬರ್ ಬ್ರೂಯಿಂಗ್ ಕಂಪನಿಯ ಶಾಖೆ 2012ರಲ್ಲೇ ಇಲ್ಲಿ ತೆರೆಯಿತು. ಇಲ್ಲಿನ ಪಟ್ಟಿಗಳಲ್ಲಿ ಗೋಧಿಯ ಬಿಯರುಗಳದೇ ಮೇಲುಗೈ. ಕಂದು ಬಿಯರು ಬಂದರೂ ಹೆಚ್ಚಾಗಿ ಸ್ಟೌಟಿನ ರೂಪದಲ್ಲಿ. ಬ್ರೌನ್ ಏಲ್ ಬರೆದಿದ್ದ ದಿನ ಕೇಳಿ ನೋಡುವವರು ತಂಪಾದ ಲೋಟವನ್ನು ಬೇಡವೆಂದು ಹೇಳಿ, ತಂದಿಟ್ಟದ್ದನ್ನು ಹತ್ತು ನಿಮಿಷ ಮೇಜಿನ ಮೇಲೆ ಬಿಡಬೇಕು. ಇಲ್ಲಿನ ಬ್ರೂವರಿಗಳು ಬಿಯರು ಮಾಡಿದ ಕಟ್ಟಡದಲ್ಲೇ ಬಡಿಸುವುದರಿಂದ ಬೆಳಕಿನ ದೋಷ, ಹಳಸಿದ ದೋಷಗಳ ಭಯ ಕಡಿಮೆ. ಪರೀಕ್ಷಿಸಬೇಕಾದದ್ದು ಬೆಣ್ಣೆಯ ವಾಸನೆಯನ್ನೂ ಎಳಸುತನವನ್ನೂ, ತೊಟ್ಟಿ ಬೇಗ ಖಾಲಿಯಾಗಲೆಂದು ಯೀಸ್ಟಿಗೆ ಸಾಕಷ್ಟು ದಿನ ಕೊಡದೆ ತೆಗೆದಾಗ ಇವೆರಡೇ ಮೊದಲು ಕಾಣಿಸಿಕೊಳ್ಳುವುದು.